ಆರನೇ ಬೆಂಚು

ಬೆಳಗ್ಗೆ ಒಂಬತ್ತು ಹೊಡೆಯುವುದಕ್ಕೂ ನಡಿಗೆಯಕ್ಕ ಫೋನ್ ಕೈಗೆತ್ತಿಕೊಳ್ಳುವುದಕ್ಕೂ ಸರಿಯಾಗಿರುತ್ತಿತ್ತು. ದಿನಕ್ಕೆ ಒಂದೇ ಕರೆ. ತಾನು ಯಾವತ್ತೋ ಪತ್ರಿಕೆಯಲ್ಲಿ ಬರೆದಿದ್ದ ಒಂದು ಚಹಾದಂಗಡಿಗೋ, ಹಳೇ ಪುಸ್ತಕ ಮಾರುವವನಿಗೋ, ದೋಣಿಯವನಿಗೋ ಫೋನ್ ಮಾಡಿ, "ಇವತ್ತು ತೆಗೆದಿದ್ದೀರಾ?" ಎಂದು ಕೇಳುವುದು. "ತೆಗೆದಿದ್ದೀವಮ್ಮ" ಎಂಬ ಉತ್ತರ ಬಂದರೆ ಪಟ್ಟಿಯಲ್ಲಿ ಆ ಹೆಸರಿನ ಪಕ್ಕ ಒಂದು ಚುಕ್ಕೆ. ಯಾರೂ ಎತ್ತದಿದ್ದರೆ ಮಧ್ಯಾಹ್ನ ತಾನೇ ಹೋಗಿ ಬಾಗಿಲು ನೋಡಿಕೊಂಡು ಬರುವುದು. ಜ್ವರದಲ್ಲಿ ಮಲಗಿದಾಗಲೂ ಇದನ್ನು ಬಿಟ್ಟವಳಲ್ಲ. ಅಮ್ಮ ತೀರಿಕೊಂಡ ಮಾರನೆಯ ದಿನ, ಹೊರಗಿನ ಕೋಣೆಯಲ್ಲಿ ನೆಂಟರು ತುಂಬಿದ್ದಾಗ, ಅಡುಗೆಮನೆಯ ಮೂಲೆಗೆ ಹೋಗಿ ಮೀನು ಹುರಿಯುವವನೊಬ್ಬನಿಗೆ ಫೋನ್ ಮಾಡಿದ್ದಳು. "ಯಾಕಮ್ಮ, ದನಿ ಬಿದ್ದುಹೋಗಿದೆ?" ಎಂದು ಅವನು ಕೇಳಿದಾಗಲೇ ಅವಳಿಗೆ ಮೊದಲ ಸಲ ಅಳು ಬಂದದ್ದು.

"ದೇವರ ಮುಂದೆ ಕೂರೋದು ತಪ್ಪಿದರೂ ನಿನಗೆ ಈ ಫೋನ್ ತಪ್ಪಲ್ಲ ನೋಡು" ಎಂದು ತಂಗಿ ಛೇಡಿಸುತ್ತಿದ್ದಳು.

"ಎರಡೂ ಒಂದೇ ಕಣೇ" ಎನ್ನುತ್ತಿದ್ದಳು ಅಕ್ಕ.

ಅದಕ್ಕೊಂದು ಹಿನ್ನೆಲೆಯಿತ್ತು. ಬರೆಯಲು ಶುರುಮಾಡಿದ ವರ್ಷ, ಸೂಪು ಚೆನ್ನಾಗಿ ಮಾಡುವ ಒಂದು ಊಟದ ಮನೆಯ ಬಗ್ಗೆ ಬರೆದಿದ್ದಳು. ಅದನ್ನು ಓದಿದ ವಯಸ್ಸಾದ ಗಂಡ ಹೆಂಡತಿ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದರೆ, ಅದು ಮುಚ್ಚಿ ವಾರವಾಗಿತ್ತು. "ನಾವು ಬೈಯಲು ಬರೆಯುತ್ತಿಲ್ಲ, ಹಸಿದಿದ್ದೆವು ಎಂದು ತಿಳಿಸಲು ಬರೆಯುತ್ತಿದ್ದೇವೆ" ಎಂದು ಅವರು ಪತ್ರಿಕೆಗೆ ಪತ್ರ ಹಾಕಿದ್ದರು. ಆ ಸಾಲು ಅವಳ ಎದೆಯೊಳಗೆ ಮುಳ್ಳಿನಂತೆ ಮುರಿದುಕೊಂಡು ಉಳಿಯಿತು.

ನಡಿಗೆಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಬೀಗ ರಿಪೇರಿ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ, ಎರಡು ಕೋಣೆಗಳಲ್ಲಿ, ಬಟ್ಟೆ ಹೊಲಿಯುವ ತಂಗಿಯ ಜೊತೆ ಅವಳ ವಾಸ. ಮದುವೆ ಇಬ್ಬರಿಗೂ ಆಗಿರಲಿಲ್ಲ; ಅದನ್ನು ಕೇಳುವವರೂ ಈಗ ಸುಮ್ಮನಾಗಿದ್ದರು. ಮೊದಲು ಅವಳು ಬಸ್ ನಿಲ್ದಾಣದ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದಳು. ಹೊರಗಿನಿಂದ ಬಂದವರು ಕಿಂಡಿಗೆ ಮುಖವಿಟ್ಟು, "ಇಲ್ಲಿ ಏನು ನೋಡಬೇಕು? ಎಲ್ಲಿ ಊಟ ಚೆನ್ನಾಗಿರುತ್ತೆ?" ಎಂದು ಕೇಳುವರು. ಹೇಳಿ ಹೇಳಿ ಅಭ್ಯಾಸವಾಯಿತು. ಹೇಳುವುದಕ್ಕಾಗಿ ನಡೆಯುವುದು ಅಭ್ಯಾಸವಾಯಿತು. ಒಂದು ದಿನ ಹಾಳೆಯೊಂದರಲ್ಲಿ ಬರೆದು ಪತ್ರಿಕೆಗೆ ಕಳಿಸಿದಳು, ಅವರು ಹಾಕಿದರು. ನೌಕರಿ ಕೊಡಲಿಲ್ಲ, ಬರೆದು ಕೊಟ್ಟರೆ ಹಾಕುತ್ತೇವೆ ಎಂದರು, ಅಷ್ಟೇ. ಹನ್ನೊಂದು ವರ್ಷ ಪ್ರತಿ ಭಾನುವಾರದ ಪುರವಣಿಯಲ್ಲಿ ಅವಳ ಅಂಕಣ ಬಂತು. ಹೆಸರು 'ಹೊರಟೆ, ಬಂದೆ'. ಕೆಳಗೆ ಸಹಿ: ಪಾದಚಾರಿ.

ಪಾದಚಾರಿ ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ, ಅದು ಅವಳೇ ಕೇಳಿಕೊಂಡ ಏರ್ಪಾಡು. ಗುರುತು ಸಿಕ್ಕರೆ ಹೋಟೆಲಿನವರು ದೊಡ್ಡ ತುಂಡು ಬಡಿಸುತ್ತಾರೆ, ಆಮೇಲೆ ಬರೆದದ್ದು ಸುಳ್ಳಾಗುತ್ತದೆ. ಗುರುತಿಲ್ಲದ ಹೆಂಗಸಾಗಿ ಮೂಲೆಯ ಮೇಜಿನಲ್ಲಿ ಕೂತು, ತಣ್ಣಗಾದ ಸೂಪನ್ನೇ ಕುಡಿದು, ಪಕ್ಕದ ಮೇಜಿನವರ ಮಾತಿಗೆ ಮೈಯೆಲ್ಲ ಕಿವಿಯಾಗುವುದು ಅವಳ ಸುಖ.

ತಂಗಿಯನ್ನು ಬಿಟ್ಟರೆ ಅವಳ ಗುಟ್ಟು ಬಲ್ಲವನು ಆ ಪುರವಣಿಯ ಹುಡುಗನೊಬ್ಬನೇ. ಹುಡುಗ ಎನ್ನುವುದು ರೂಢಿಗೆ. ಈಗ ಅವನಿಗೆ ಮೂವತ್ತೆಂಟು, ಪುರವಣಿಗೆ ಅವನೇ ಮುಖ್ಯಸ್ಥ. ತರಬೇತಿಗೆ ಬಂದಾಗ ಒಂದು ರಸ್ತೆ ದಾಟಲು ಬರದವನು. ಮೂರು ವರ್ಷ ಭಾನುವಾರಗಳಲ್ಲಿ ಅವನನ್ನು ಜೊತೆಗೆ ಕರೆದುಕೊಂಡು ಸುತ್ತಿದವಳು ಅವಳು. "ಹಸಿದಾಗ ಎಲ್ಲಾನೂ ರುಚಿಯೇ. ಬರೆಯೋಕೆ ಅಂತ ಹೋಗೋದಾದರೆ ಹೊಟ್ಟೆ ತುಂಬಿಸಿಕೊಂಡು ಹೋಗು" ಎಂದು ಕಲಿಸಿದವಳು ಅವಳು. ತಂಗಿ ಅವನ ಅಂಗಿಗಳಿಗೆ ಗುಂಡಿ ಹಾಕಿಕೊಟ್ಟಿದ್ದಳು. ಬಾಯಿ ತೆರೆದರೆ "ಅಕ್ಕ, ಅಕ್ಕ" ಎನ್ನುತ್ತಿದ್ದವನು ಬರೆಯಲು ಕೂತರೆ ಒಂದೂ ತೋಚದೆ ಫೋನ್ ಮಾಡುತ್ತಿದ್ದ. "ಅಕ್ಕ, ಆ ಸಂತೆ ಬೀದಿ ಹೇಗಿದೆ ಅಂತ ಒಂದೆರಡು ಮಾತು ಹೇಳಿಬಿಡಿ." ಅವಳು ಹೇಳುವಳು. ಅವನು ಬರೆದುಕೊಳ್ಳುವನು.

ಮುಖ್ಯಸ್ಥನಾದ ಮೇಲೆ ಒಂದು ದಿನ ಮನೆಗೆ ಬಂದು, "ನಿಮ್ಮ ನಡಿಗೆಯ ಡೈರಿಗಳನ್ನೆಲ್ಲ ಕೊಡಿ ಅಕ್ಕ, ಆಫೀಸಿನಲ್ಲಿ ಸ್ಕ್ಯಾನ್ ಮಾಡಿಸಿ ಇಡಿಸ್ತೀನಿ. ಇಲ್ಲಿ ಗೋಡೆ ಒದ್ದೆ, ಹಾಳಾಗಿಬಿಡ್ತವೆ" ಎಂದ. ಎರಡು ಚೀಲ ತುಂಬ ಡೈರಿಗಳನ್ನು ಅವಳೇ ಕೆಳಗಿನವರೆಗೆ ಹೊತ್ತು ಕೊಟ್ಟಳು. ಎರಡು ತಿಂಗಳಿಗೆ ಅಂಕಣ ನಿಂತಿತು. "ಪುರವಣಿಗೆ ಹೊಸ ರೂಪ ಅಕ್ಕ, ನನ್ನ ಕೈಲೇನೂ ಇಲ್ಲ." ಆರು ತಿಂಗಳಿಗೆ ಅವಳು ಚಹಾ ಕುಡಿಯುತ್ತಿದ್ದ ಅಂಗಡಿಯಲ್ಲಿ, ಬನ್ನು ಸುತ್ತಿಕೊಟ್ಟ ಕಾಗದದಲ್ಲಿ ಒಂದು ಜಾಹೀರಾತು ಕಂಡಳು. 'ಪಾದಚಾರಿಯ ನೂರು ದಾರಿಗಳು. ಕೊನೆಗೂ ಮುಖ ತೋರಿಸಿದ ಪಾದಚಾರಿ!' ಕೆಳಗೆ ಅವನ ಫೋಟೋ. ಕುತ್ತಿಗೆಗೆ ಮಫ್ಲರ್, ಕೈಯಲ್ಲೊಂದು ಡೈರಿ. ಡೈರಿ ಅವಳದು. ಮೂಲೆಯಲ್ಲಿ ಚಹಾದ ಲೋಟ ಇಟ್ಟ ದುಂಡು ಕಲೆಯೂ ಕಾಣುತ್ತಿತ್ತು.

ಬನ್ನನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ಹನ್ನೊಂದು ವರ್ಷದಲ್ಲಿ ತಿನ್ನದೆ ಬಿಟ್ಟು ಬಂದದ್ದು ಅದೇ ಮೊದಲು.

ಫೋನಿನಲ್ಲಿ ಕೇಳಿದರೆ ಅವನು ನಕ್ಕ. "ಅಯ್ಯೋ ಅಕ್ಕ, ಪತ್ರಿಕೆಯಲ್ಲಿ ಬಂದದ್ದು ಪತ್ರಿಕೆಯ ಸ್ವತ್ತು. ಪಾದಚಾರಿ ಅನ್ನೋದೂ ಪತ್ರಿಕೆಯ ಹೆಸರೇ. ಯಜಮಾನರಿಗೆ ಒಂದು ಮುಖ ಬೇಕಿತ್ತು, ನಾನಿದ್ದೆ. ನೀವೇ ಅಲ್ವಾ ಯಾರಿಗೂ ಗೊತ್ತಾಗೋದು ಬೇಡ ಅಂದಿದ್ದು?"

ಅವನು ಮುಂದುವರಿಸಿದ: "ಅಂದಹಾಗೆ, ಅಚ್ಚಿಗೆ ಹೋಗೋ ಮೊದಲು ಪುಸ್ತಕದ ಪ್ರೂಫ್ ಕಳಿಸ್ತೀನಿ. ಒಂದು ಸಲ ಕಣ್ಣಾಡಿಸಿಬಿಡಿ ಅಕ್ಕ. ನೀವು ನೋಡಿದರೆ ನನಗೆ ನೆಮ್ಮದಿ."

ತಂಗಿ ಕೇಳಿ ಕೆಂಡವಾದಳು. "ನಾಚಿಕೆ ಅನ್ನೋದನ್ನ ಎಲ್ಲಿ ತೊಳೆದುಕೊಂಡು ಬಂದಿದ್ದಾನೆ ಅವನು? ಕಳ್ಳ ತಾನು ಕದ್ದ ಪಾತ್ರೇನ ಬೆಳಗಿಕೊಡು ಅಂತ ನಿನ್ನ ಹತ್ರಾನೇ ತಂದ ಹಾಗಾಯ್ತು. ಹರಿದು ಒಲೆಗೆ ಹಾಕು."

"ನೋಡ್ತೀನಿ" ಎಂದಳು ಅಕ್ಕ.

"ಏನು ನೋಡ್ತೀಯ? ಹನ್ನೊಂದು ವರ್ಷ ನಿನ್ನ ಕಾಲು ಸವೆದಿದೆ, ಅವನ ಕಾಲಲ್ಲ. ನೀನು ಯಾರು ಅಂತ ಇವತ್ತು ಹೇಳದೆ ಇದ್ದರೆ ಇನ್ನು ಯಾವತ್ತೂ ಇಲ್ಲ."

ಅದು ಸುಳ್ಳಲ್ಲ. ಪುಸ್ತಕ ಒಮ್ಮೆ ಅಂಗಡಿಗೆ ಬಂದರೆ ಪಾದಚಾರಿ ಎಂದರೆ ಅವನೇ. ತಾನು ಹೋಗಿ ಹೇಳಿಕೊಂಡರೆ, ಮತ್ಸರದ ಮುದುಕಿ ಎಂದಾರು.

ಪ್ರೂಫ್ ಬಂತು. ಒಂದು ವಾರ ಕಿಟಕಿಯ ಪಕ್ಕ ಕೂತು ಓದಿದಳು. ಹಾಳೆ ತಿರುವಿದಂತೆಲ್ಲ ತನ್ನದೇ ಮಾತು ಇನ್ನೊಬ್ಬನ ಬಾಯಲ್ಲಿ ಕೇಳಿದಂತಾಗುತ್ತಿತ್ತು. ದಿನವೂ ಪ್ರಾರ್ಥನೆಗೆ ಕೂತಾಗ, "ಈ ಸಿಟ್ಟನ್ನು ನನ್ನಿಂದ ತೆಗೆ, ತಂದೆ" ಎಂದು ಶುರುಮಾಡುವಳು. ಎಲ್ಲಿ ನಿಜವಾಗಿಯೂ ತೆಗೆದುಬಿಟ್ಟಾನೋ ಎಂದು ಹೆದರಿ ಅರ್ಧಕ್ಕೇ ಎದ್ದುಬಿಡುವಳು.

ಐದನೆಯ ದಿನ ಮೂವತ್ತೆಂಟನೇ ದಾರಿಗೆ ಬಂದಳು. ಓದುತ್ತಾ ಓದುತ್ತಾ ಕೈ ನಿಂತಿತು. ಮೂವತ್ತೊಂಬತ್ತನ್ನು ಓದಿದಳು. ನಲವತ್ತೊಂದಕ್ಕೆ ಬರುವಷ್ಟರಲ್ಲಿ ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನೇ?" ಎಂದಳು ತಂಗಿ, ಹೊಲಿಗೆಯ ಯಂತ್ರ ನಿಲ್ಲಿಸಿ.

"ನನ್ನ ಪ್ಲಾಸ್ಟರ್ ಕಾಲನ್ನೂ ಕದ್ದುಬಿಟ್ಟಿದ್ದಾನೆ."

ಆರು ವರ್ಷದ ಹಿಂದೆ ಮೆಟ್ಟಿಲಲ್ಲಿ ಜಾರಿ ಬಿದ್ದು ಅವಳ ಬಲಗಾಲಿನ ಮೂಳೆ ಮುರಿದಿತ್ತು. ಎರಡು ತಿಂಗಳು ಪ್ಲಾಸ್ಟರ್, ಕಂಕುಳಲ್ಲಿ ಊರುಗೋಲು. ಅಂಕಣ ಮಾತ್ರ ನಿಲ್ಲಿಸಿರಲಿಲ್ಲ. ಆ ಕಾಲಿನಲ್ಲೇ ಎಂಟು ದಾರಿ ನಡೆದು ಬರೆದಿದ್ದಳು. ಎಲ್ಲೆಲ್ಲಿ ಕೂರಬಹುದು, ಯಾವ ಬಾಗಿಲಿಗೆ ಎಷ್ಟು ಮೆಟ್ಟಿಲು, ಯಾವ ಗೋಡೆಗೆ ಒರಗಬಹುದು, ಎಷ್ಟು ಹೊತ್ತು ಹಿಡಿಯಿತು, ಎಲ್ಲ. ಕಾಲು ಮುರಿದ ಸಂಗತಿಯನ್ನು ಮೊದಲ ವಾರ ಅಂಕಣದ ತಲೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದಳು. ಡೈರಿಯಲ್ಲಿ ಬರೆಯುವ ಅಗತ್ಯವಿರಲಿಲ್ಲ, ಕಾಲು ತನ್ನದೇ ಅಲ್ಲವೇ. ಆಗ ಅವನು ಬೇರೆ ಊರಿನ ಕಚೇರಿಯಲ್ಲಿದ್ದ. ಫೋನಿನಲ್ಲಿ "ಕಾಲು ಮುರಿದುಕೊಂಡಿದ್ದೀನಪ್ಪ" ಎಂದಾಗ, "ಅಯ್ಯೋ, ಹುಷಾರು ಅಕ್ಕ" ಎಂದವನು ಅದೇ ಉಸಿರಿನಲ್ಲಿ ಒಂದು ಹೋಟೆಲಿನ ವಿಳಾಸ ಕೇಳಿದ್ದ. ಡೈರಿಯಿಂದ ಇಳಿಸುವಾಗ ಅವನಿಗೆ ಏನೂ ನೆನಪಾಗಿಲ್ಲ.

ನಲವತ್ತೊಂದನೆಯದು ಕಾಲುವೆ ದಂಡೆಯ ದಾರಿ. ಗಡಿಯಾರದ ಕಂಬದಿಂದ ಗಿರಣಿ ಸೇತುವೆಯ ಬೇಕರಿಯವರೆಗೆ. ಆರೋಗ್ಯವಂತರು ಇಪ್ಪತ್ತು ನಿಮಿಷದಲ್ಲಿ ಮುಗಿಸುವ ದಾರಿ. ಪ್ರೂಫಿನಲ್ಲಿ ಹೀಗಿತ್ತು: 'ಈ ದಾರಿಗೆ ಎರಡು ಗಂಟೆ ಹತ್ತು ನಿಮಿಷ ಬೇಕು. ಹನ್ನೊಂದು ಬೆಂಚುಗಳಿವೆ. ಎಲ್ಲದರಲ್ಲೂ ಕುಳಿತುಕೊಳ್ಳಿ. ಆರನೇ ಬೆಂಚು ಮಾತ್ರ ಬೇಡ. ಎಂಟಕ್ಕೆ ಹೊರಟರೆ ನೀವು ಬೇಕರಿ ತಲುಪುವ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು ಮೊದಲ ಬನ್ನು ಒಲೆಯಿಂದ ಇಳಿಸುತ್ತಾರೆ.'

ಅವಳು ಕೆಂಪು ಪೆನ್ನು ಹಿಡಿದು ಉಳಿದ ತೊಂಬತ್ತೆರಡು ದಾರಿಗಳನ್ನು ಅಚ್ಚುಕಟ್ಟಾಗಿ ತಿದ್ದಿದಳು. ಮುಚ್ಚಿದ ಅಂಗಡಿಗಳನ್ನು ತೆಗೆದಳು, ಬದಲಾದ ಫೋನ್ ನಂಬರು ಹಾಕಿದಳು. ಆ ಎಂಟನ್ನು ಮುಟ್ಟಲಿಲ್ಲ. ಸುಳ್ಳು ಬರೆದ ಪಾಪ ತನಗಿಲ್ಲ, ಅಲ್ಲಿರುವುದೆಲ್ಲ ನಿಜವೇ, ಒಂದು ಮುರಿದ ಕಾಲಿನ ನಿಜ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಪ್ರೂಫ್ ತಲುಪಿದ ಮೇಲೆ ಅವನ ಫೋನ್ ಬಂತು. "ಅಕ್ಕ, ದೇವರಂಥವರು ನೀವು. ಇನ್ನೊಂದು ವಿಷಯ. ಬಿಡುಗಡೆಯ ದಿನ ಓದುಗರ ಜೊತೆ ಒಂದು ದಾರಿ ನಡೀಬೇಕು ಅಂತ ಯಜಮಾನರ ಆಸೆ. ನಡೆದು ಮುಗಿಸಿದ ಜಾಗದಲ್ಲೇ ಪುಸ್ತಕ ಬಿಡುಗಡೆ. ಯಾವ ದಾರಿ ಇಟ್ಕೊಳ್ಳಲಿ?"

"ನಲವತ್ತೊಂದು" ಎಂದಳು. "ಕೊನೆಯಲ್ಲಿ ಬಿಸಿ ಬನ್ನು ಸಿಗುತ್ತೆ."

"ವಾ! ಯಜಮಾನರಿಗೆ ಸರಿಯಾಗಿ ಹತ್ತೂ ಹತ್ತಕ್ಕೆ ಅಲ್ಲಿಗೇ ಬರೋಕೆ ಹೇಳಿಬಿಡ್ತೀನಿ."

ಫೋನ್ ಇಟ್ಟ ಮೇಲೆ ತಂಗಿ ಅಕ್ಕನ ಮುಖವನ್ನೇ ನೋಡಿದಳು. "ನೀನು ಹೀಗೆ ನಗೋದನ್ನ ನಾನು ನೋಡೇ ಇರಲಿಲ್ಲ. ಹೆದರಿಕೆ ಆಗುತ್ತೆ."

ಬಿಡುಗಡೆಯ ಭಾನುವಾರ ಬೆಳಗ್ಗೆ ಎಂಟಕ್ಕೆ ಗಡಿಯಾರದ ಕಂಬದ ಬಳಿ ನಲವತ್ತು ಜನ ಸೇರಿದ್ದರು. ನಡಿಗೆಯಕ್ಕ ಹಿಂದಿನ ಸಾಲಿನಲ್ಲಿ, ಯಾರೋ ಒಬ್ಬ ಓದುಗರಂತೆ ನಿಂತಳು. ಅವನು ಅದೇ ಮಫ್ಲರ್ ಸುತ್ತಿಕೊಂಡು, "ಬನ್ನಿ, ಪಾದಚಾರಿಯ ಪಾದಗಳ ಹಿಂದೆ!" ಎಂದು ಕೈ ಬೀಸಿ ಹೊರಟ. ಜನ ಸರಸರನೆ ನಡೆದರು. ಅವಳೂ ಹೆಜ್ಜೆ ಹಾಕಿದಳು. ಮುಚ್ಚಿದ ಬೇಕರಿಯ ಮುಂದೆ ಅವನ ಮುಖ ನೋಡಬೇಕಿತ್ತು, ಅದಕ್ಕಾಗಿಯೇ ಬಂದಿದ್ದಳು.

"ಅಮ್ಮಾ, ಸ್ವಲ್ಪ ಕೈ ಕೊಡ್ತೀರಾ?"

ತಿರುಗಿ ನೋಡಿದರೆ ಎಪ್ಪತ್ತು ದಾಟಿದ ಒಬ್ಬರು. ಎರಡೂ ಕಂಕುಳಲ್ಲಿ ಊರುಗೋಲು. ಒಂದು ಕೋಲಿನ ಹಿಡಿಗೆ, ಆಗಲೇ ಅಂಗಡಿಗೆ ಬಂದಿದ್ದ ಹೊಸ ಪುಸ್ತಕವನ್ನು ರಬ್ಬರ್ ಹಾಕಿ ಸಿಕ್ಕಿಸಿಕೊಂಡಿದ್ದರು. "ಫುಟ್‌ಪಾತಿನ ಈ ಒಂದು ಮೆಟ್ಟಿಲು ಹತ್ತಿಸಿಬಿಟ್ಟರೆ ಸಾಕು. ಆಮೇಲೆ ನನ್ನ ಪಾಡಿಗೆ ನಾನು ಬರ್ತೀನಿ. ಮೂವತ್ತೆರಡು ವರ್ಷ ಅಂಚೆ ಹಂಚಿದ ಕಾಲು, ಈಗ ಸೊಂಟದಲ್ಲಿ ಮುಷ್ಕರ ಹೂಡಿದೆ."

ಒಂದು ಮೆಟ್ಟಿಲು ಹತ್ತಿಸಿದಳು. ಮುಂದೆ ಇನ್ನೊಂದಿತ್ತು. ಅಲ್ಲಿಗೆ ಅವಳ ಕೈ ಅಂಚೆಯಣ್ಣನ ಕೈಯಲ್ಲಿ ಸಿಕ್ಕಿಹಾಕಿಕೊಂಡಿತು. ನಲವತ್ತು ಜನ ಕಾಲುವೆಯ ತಿರುವಿನಲ್ಲಿ ಮರೆಯಾಗುತ್ತಿದ್ದರು. ಇಲ್ಲಿ ಮೊದಲ ಬೆಂಚಿನಲ್ಲಿ ಅಂಚೆಯಣ್ಣ ಕೂತು, ಪುಸ್ತಕ ತೆಗೆದು, ಬೆರಳಿಟ್ಟು ಓದಿದರು. "ಇಲ್ಲಿ ಕೂರಿ ಅಂದಿದ್ದಾರೆ. ಸರಿ, ಕೂತಾಯ್ತು."

ಎರಡನೇ ಬೆಂಚು. ಮೂರನೇ ಬೆಂಚು. ಮೂರನೆಯದರಿಂದ ಕಾಲುವೆಯ ಆಚೆ ಗಿರಣಿ ಸೇತುವೆ ಕಾಣುತ್ತಿತ್ತು. ಬೇಕರಿಯ ಇಳಿಸಿದ ಷಟರ್ ಮುಂದೆ ಜನ ಗುಂಪಾಗಿ ನಿಂತಿದ್ದರು. ಇನ್ನೂ ಎಂಟೂವರೆ. ಅವನ ಕೈ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದದ್ದು ಇಷ್ಟು ದೂರಕ್ಕೂ ತಿಳಿಯುತ್ತಿತ್ತು. ಏನೋ ಕತೆ ಹೇಳುತ್ತಿದ್ದಾನೆ. ಆ ಕತೆ ಅವಳೇ ಹೇಳಿಕೊಟ್ಟದ್ದಿರಬೇಕು. ಅದು ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಅವಳಿಗೆ ಗೊತ್ತಿತ್ತು. ಓಡಿಹೋಗಿ ನೋಡಬೇಕೆಂದು ಕಾಲು ತುರಿಸುತ್ತಿತ್ತು.

ಅಂಚೆಯಣ್ಣನಿಗೆ ಅವಸರವಿರಲಿಲ್ಲ. "ಈ ಪುಸ್ತಕದವನು ದೊಡ್ಡ ಮನುಷ್ಯ ಕಣಮ್ಮ" ಎಂದರು. "ಎಲ್ಲ ಪುಸ್ತಕಾನೂ ಗಟ್ಟಿಮುಟ್ಟಾದವರಿಗೇ ಬರೀತಾರೆ. ಇವನು ನೋಡು, ಯಾವ ಗೋಡೆಗೆ ಒರಗಬಹುದು ಅಂತಾನೂ ಬರೆದಿದ್ದಾನೆ. ನನ್ನ ಕಾಲನ್ನೇ ಎರವಲು ಇಸ್ಕೊಂಡು ನಡೆದ ಹಾಗಿದೆ. ಮನೆ ಬಿಟ್ಟು ಹೊರಗೆ ಬಂದು ಒಂದೂವರೆ ವರ್ಷ ಆಗಿತ್ತು ನಾನು."

ಅವಳು ತುಟಿ ಕಚ್ಚಿಕೊಂಡಳು. ಅದು ನಾನು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಅವನನ್ನು ಕೆಡವಲೆಂದು ಹೂಡಿದ ಉಪಾಯ ಅವನ ತಲೆಗೇ ಕಿರೀಟ ಇಡುತ್ತಿತ್ತು.

ಆರನೇ ಬೆಂಚು ಬಂತು. ದೊಡ್ಡ ಮರದ ಕೆಳಗೆ ತಂಪಾದ ಕಲ್ಲಿನ ಬೆಂಚು. "ಇದೊಂದು ಬೇಡ ಅಂದಿದ್ದಾನಲ್ಲ. ಯಾಕಿರಬಹುದು?" ಎಂದು ಅಂಚೆಯಣ್ಣ ಕೋಲೂರಿ ನಿಂತರು. "ಇಷ್ಟು ಒಳ್ಳೇ ನೆರಳು."

ಉತ್ತರ ಅವಳಿಗೆ ಗೊತ್ತಿತ್ತು. ಆ ಬೆಂಚು ಬಹಳ ತಗ್ಗು, ಹಿಂದೆ ಒರಗು ಇಲ್ಲ, ಪಕ್ಕದಲ್ಲಿ ಹಿಡಿಯಲು ಏನೂ ಇಲ್ಲ. ಕಾಲು ಕೆಟ್ಟವರು ಕೂತರೆ ಏಳಲಾರರು. ಮುಕ್ಕಾಲು ಗಂಟೆ ಅದರ ಮೇಲೆ ಸಿಕ್ಕಿಬಿದ್ದು, ನಾಯಿ ಅಡ್ಡಾಡಿಸಲು ಬಂದ ಒಬ್ಬ ಹೆಂಗಸಿನ ಕೈ ಹಿಡಿದು ಎದ್ದಿದ್ದಳು.

"ಕೂರಬೇಡಿ" ಎಂದಳು. ಮತ್ತೆ, "ಯಾಕೆ ಅಂತ ಬರೆದವರನ್ನೇ ಕೇಳಿ. ಎಲ್ಲರ ಮುಂದೇನೇ ಕೇಳಿ. ಅವರಿಗೂ ಖುಷಿಯಾಗುತ್ತೆ" ಎಂದಳು. ಒಳ್ಳೆಯ ಮನುಷ್ಯನನ್ನು ಕತ್ತಿಯ ಹಾಗೆ ಕೈಯಲ್ಲಿ ಹಿಡಿಯುತ್ತಿದ್ದೇನೆ ಎನ್ನಿಸಿತು. ಆದರೂ ಹಿಡಿದಳು.

ಅವರು ಬೇಕರಿ ತಲುಪುವುದಕ್ಕೂ ಷಟರ್ ಮೇಲೇಳುವುದಕ್ಕೂ ಸರಿಹೋಯಿತು. ಯಜಮಾನರ ಕಾರೂ ಆಗಲೇ ಬಂದು ನಿಂತಿತ್ತು. ನಲವತ್ತರಲ್ಲಿ ಇಪ್ಪತ್ತೈದು ಜನ ಉಳಿದಿದ್ದರು, ಕೆಲವರು ಮೆಟ್ಟಿಲ ಮೇಲೆ ಕೂತಿದ್ದರು, ಒಬ್ಬಾಕೆ ಸಿಡಿದು ನಿಂತಿದ್ದಳು.

"ಏನ್ರೀ, ಎರಡು ಗಂಟೆ ದಾರಿ ಅಂತ ಬರೀತೀರಾ! ಹಾಲು ತರೋಕೆ ಹೋದಷ್ಟು ಹೊತ್ತೂ ಆಗಲಿಲ್ಲ. ಎಂಟೂ ಇಪ್ಪತ್ತರಿಂದ ನಿಂತಿದ್ದೀವಿ ಇಲ್ಲಿ. ನೀವೇ ನಡೆದು ಬರೆದದ್ದಾ, ಇಲ್ಲ ಮಂಚದ ಮೇಲೆ ಮಲಗಿ ಬರೆದದ್ದಾ?"

ಜನ ನಕ್ಕರು. ಯಜಮಾನರ ಹುಬ್ಬು ಗಂಟಾಯಿತು. ಅವನು ಮಫ್ಲರ್ ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ. ನಡಿಗೆಯಕ್ಕನ ಎದೆ ಹಗುರಾಯಿತು. ಇಷ್ಟೇ ಬೇಕಿತ್ತು, ಇನ್ನೊಂದು ನಿಮಿಷ ಹೀಗೇ ಇರಲಿ ದೇವರೇ, ಎಂದುಕೊಂಡಳು.

ಅಷ್ಟರಲ್ಲಿ ಅಂಚೆಯಣ್ಣ ಕೋಲಿನಿಂದ ನೆಲ ಕುಟ್ಟಿದರು. "ಯಾರಮ್ಮ ಬೈತಿರೋದು? ಪುಸ್ತಕ ಸರಿಯಾಗೇ ಇದೆ. ಎಂಟಕ್ಕೆ ಹೊರಟೆ, ಹತ್ತೂ ಹತ್ತಕ್ಕೆ ಬಂದೆ. ಒಂದು ನಿಮಿಷ ಆಚೀಚೆ ಇಲ್ಲ. ಇದು ನಮ್ಮಂಥವರಿಗೆ ಬರೆದದ್ದು!"

ಎಲ್ಲರೂ ಆ ಊರುಗೋಲುಗಳನ್ನು ನೋಡಿದರು. ಬೈಯುತ್ತಿದ್ದಾಕೆ ತಣ್ಣಗಾದಳು. ಮುಳುಗುತ್ತಿದ್ದವನಿಗೆ ಹಗ್ಗ ಸಿಕ್ಕಿತು. ಪುರವಣಿಯವನು ಎದೆಯ ಮೇಲೆ ಕೈಯಿಟ್ಟುಕೊಂಡು, "ಅದೇ... ಅದೇ ನನ್ನ ಉದ್ದೇಶ. ನಿಧಾನವಾಗಿ ನಡೆಯುವವರನ್ನು ಯಾರೂ ನೆನೆಯುವುದಿಲ್ಲ. ಅವರಿಗಾಗಿಯೇ ಈ ದಾರಿಯನ್ನು ನಾನು ಹಾಗೆ ನಡೆದೆ" ಎಂದ. ಒಬ್ಬರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಯಜಮಾನರು ಕಣ್ಣೊರೆಸಿಕೊಂಡರು.

"ಒಂದೇ ಅನುಮಾನ ಸ್ವಾಮಿ" ಎಂದರು ಅಂಚೆಯಣ್ಣ, ಚಪ್ಪಾಳೆ ನಿಂತ ಮೇಲೆ. "ಆರನೇ ಬೆಂಚು ಬೇಡ ಅಂದಿದ್ದೀರಿ. ಯಾಕೆ?"

"ಅದು... ಅಲ್ಲಿ ಬಿಸಿಲು ಜಾಸ್ತಿ."

"ಬಿಸಿಲಾ? ಅಷ್ಟು ದೊಡ್ಡ ಮರ ಇದೆಯಲ್ಲ!"

"ಹೌದಲ್ಲ, ನಾವೂ ನೋಡಿದ್ವಿ" ಎಂದಿತು ಇನ್ನೊಂದು ದನಿ.

"ನಾನು ಹೋದಾಗ ಮರ ಇನ್ನೂ ಚಿಕ್ಕದಿತ್ತು."

"ಆ ಮರಕ್ಕೆ ನನಗಿಂತ ವಯಸ್ಸಾಗಿದೆ ಸ್ವಾಮಿ. ನಾನು ಕೆಲಸಕ್ಕೆ ಸೇರಿದಾಗಲೇ ಅದರಡಿ ಸೈಕಲ್ ನಿಲ್ಲಿಸ್ತಿದ್ದೆ."

ಜನ ಮತ್ತೆ ನಕ್ಕರು. "ಹಾಗಲ್ಲ, ಬೆಂಚು ಮುರಿದಿತ್ತು" ಎಂದ. "ಕಲ್ಲು ಬೆಂಚು!" ಎಂದರು ಮೂರು ನಾಲ್ಕು ಜನ ಒಟ್ಟಿಗೆ. ಅಂಚೆಯಣ್ಣ ಗೇಲಿ ಮಾಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಮುಂದಿನ ಸಲ ಕೂರಬಹುದೋ ಬಾರದೋ ಎಂದು ಮುಗ್ಧವಾಗಿ ಅವನ ಮುಖವನ್ನೇ ನೋಡುತ್ತಿದ್ದರು.

ಅವನ ಕಣ್ಣು ಗುಂಪಿನಲ್ಲಿ ಅಲೆದಾಡಿ ಅವಳ ಮೇಲೆ ಬಿತ್ತು. ಹತ್ತು ವರ್ಷದ ಅಭ್ಯಾಸ ಅದು. ಬರೆಯುವಾಗ ಕೈ ನಿಂತ ಕೂಡಲೇ ಫೋನಿನ ಕಡೆ ಹೋಗುವ ಕೈಯಂತೆ, ಅವನ ನಾಲಿಗೆ ತಾನಾಗಿಯೇ ತಿರುಗಿಬಿಟ್ಟಿತು.

"ಅಕ್ಕ, ಆರನೇ ಬೆಂಚು ಬೇಡ ಅಂತ ನೀವು ಯಾಕೆ ಬರೆದಿದ್ರಿ?"

ಬೇಕರಿಯೊಳಗೆ ತಟ್ಟೆಯೊಂದು ಬಿದ್ದ ಸದ್ದು ಎಲ್ಲರಿಗೂ ಕೇಳಿತು. ಅವನಿಗೆ ತಾನು ಆಡಿದ್ದು ಏನೆಂದು ತಿಳಿದಾಗ ತಡವಾಗಿತ್ತು. ಬಾಯಿ ತೆರೆದದ್ದು ತೆರೆದೇ ಇತ್ತು.

ನಡಿಗೆಯಕ್ಕ ಅವಸರ ಮಾಡಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಅಂಚೆಯಣ್ಣನಿಗಷ್ಟೇ ಹೇಳಿದಳು: "ತಗ್ಗು ಬೆಂಚು. ಹಿಡಿಯೋಕೆ ಏನೂ ಇಲ್ಲ. ಕೂತರೆ ನಿಮ್ಮ ಕೈಲಿ ಏಳೋಕಾಗಲ್ಲ. ನನ್ನ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾಗ ಮುಕ್ಕಾಲು ಗಂಟೆ ಕೂತಿದ್ದೆ, ಅದಕ್ಕೇ ಬೇಡ ಅಂತ ಬರೆದೆ."

ಯಜಮಾನರು ಪುಸ್ತಕವನ್ನು ಬಿಡುಗಡೆ ಮಾಡದೆ ಕಾರು ಹತ್ತಿದರು. ಹಾಲಿನ ಮಾತಾಡಿದ್ದ ಹೆಂಗಸು ಬನ್ನೊಂದನ್ನು ತಂದು ನಡಿಗೆಯಕ್ಕನ ಕೈಯಲ್ಲಿಟ್ಟಳು. ಅಂಚೆಯಣ್ಣ ಮಾತ್ರ ಬಹಳ ಹೊತ್ತು ಅವಳನ್ನೇ ನೋಡಿ, "ಮೊದಲೇ ಹೇಳಬಹುದಿತ್ತಲ್ಲಮ್ಮ, ನನಗೆ" ಎಂದರು. ಅವಳು ಅವರನ್ನು ಆಟೋ ಹತ್ತಿಸಿದಳು.

ಸಂಜೆಗೆ ಡೈರಿಗಳ ಎರಡೂ ಚೀಲ ಪತ್ರಿಕೆಯ ಕಚೇರಿಯಿಂದ ಮನೆಗೆ ಬಂದವು. ಪುಸ್ತಕ ಹೇಗಿದ್ದರೂ ಅಂಗಡಿಗಳಿಗೆ ಹೋಗಿಯಾಗಿತ್ತು. ಬೇಕರಿಯ ಮುಂದೆ ನಡೆದದ್ದು ಬಾಯಿಂದ ಬಾಯಿಗೆ ಉಪ್ಪುಖಾರ ಹಚ್ಚಿಕೊಂಡು ಹರಡಿ, ಜನ ಅದನ್ನು ಇನ್ನೂ ಹೆಚ್ಚು ಕೊಂಡರು.

ಹತ್ತು ದಿನದ ಮೇಲೆ ಅವನು ಬಂದ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ತಂಗಿ ಯಂತ್ರ ನಿಲ್ಲಿಸಲಿಲ್ಲ. ಕೂತ್ಕೋ ಎಂದು ಯಾರೂ ಹೇಳಲಿಲ್ಲ. ಅವನೇ ಬಟ್ಟೆ ಗಂಟಿನ ಪಕ್ಕ ಕೂತ. ಕಣ್ಣ ಕೆಳಗೆ ಕಪ್ಪಾಗಿತ್ತು.

"ದಿನಾ ಹತ್ತು ಜನ ಫೋನ್ ಮಾಡ್ತಾರೆ ಅಕ್ಕ. ಇಪ್ಪತ್ಮೂರನೇ ದಾರಿಯಲ್ಲಿ ಕನ್ನಡಿ ಅಂಗಡಿಗೆ ಮಧ್ಯಾಹ್ನಾನೇ ಹೋಗಿ ಅಂತ ಯಾಕಿದೆ? ಎಂಬತ್ತರಲ್ಲಿ ಎಡಗಡೆ ಮೇಜಲ್ಲೇ ಕೂರಿ ಅಂತ ಯಾಕಿದೆ? ಬೇಕು ಅಂತಲೇ ಕೇಳ್ತಾರೆ, ಕೇಳಿ ನಗ್ತಾರೆ. ಆಫೀಸಿನ ಲಿಫ್ಟಿನವನೂ ಕೇಳ್ತಾನೆ."

"ಏನು ಹೇಳ್ತೀಯ?"

"ಏನು ಹೇಳಲಿ? ನೋಡೋಕೆ ಡೈರಿಗಳೂ ಇಲ್ಲ." ಅವನು ಮುಂದಕ್ಕೆ ಬಾಗಿದ. "ಅಕ್ಕ, ನಿಮ್ಮ ಪರವಾಗಿ ನಾನು ಯಜಮಾನರ ಹತ್ರ ಮಾತಾಡಿದ್ದೀನಿ. ಎರಡನೇ ಮುದ್ರಣ ಬರ್ತಿದೆ. ಮುಖಪುಟದಲ್ಲಿ ನನ್ನ ಹೆಸರಿನ ಜೊತೆ ನಿಮ್ಮ ಹೆಸರೂ ಹಾಕಿಸ್ತೀನಿ. ಅಷ್ಟೇ ದೊಡ್ಡ ಅಕ್ಷರದಲ್ಲಿ. ಅಂಕಣ ಮುಂದಿನ ಭಾನುವಾರದಿಂದಲೇ ವಾಪಸ್, ಫೋಟೋ ಸಮೇತ. ಇಷ್ಟು ವರ್ಷ ಮಾಡಿದ್ದೀರಿ ನನಗೆ, ನಾನಿಷ್ಟಾದರೂ ಮಾಡಬೇಕಲ್ವಾ?"

ಯಂತ್ರದ ಸದ್ದು ನಿಂತಿತು. ತಂಗಿ ಅಕ್ಕನ ಕಡೆ ತಿರುಗಿ, ಒಪ್ಪಿಕೋ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ಅವಳಿಗೂ ಬೇಕಿತ್ತು, ಅಂಗಡಿಯ ಕಿಟಕಿಯಲ್ಲಿ ಅಕ್ಕನ ಹೆಸರು.

"ಬೇಡ" ಎಂದಳು ನಡಿಗೆಯಕ್ಕ.

"ಬೇಡವಾ? ನನ್ನ ಹೆಸರನ್ನೇ ತೆಗೆಸಬೇಕಾ? ಸರಿ, ಕಷ್ಟಪಟ್ಟು ಅದಕ್ಕೂ ಕೇಳಿನೋಡ್ತೀನಿ. ನಿಮ್ಮೊಬ್ಬರ ಹೆಸರೇ ಹಾಕಿಸ್ತೀನಿ."

"ತೆಗೀಬೇಡ. ನಿನ್ನ ಹೆಸರೇ ಇರಲಿ. ನಿನ್ನದೊಂದೇ. ಎರಡನೇ ಸಲ, ಮೂರನೇ ಸಲ, ಎಷ್ಟು ಸಲ ಅಚ್ಚಾದರೂ ನಿನ್ನ ಫೋಟೋನೇ ಇರಲಿ."

"ಅಕ್ಕ, ಹೀಗೆ ಮಾಡಬೇಡಿ. ಜನ ನನ್ನನ್ನ ಬಿಡಲ್ಲ."

"ಕೇಳಲಿ. ನೂರು ದಾರಿಯಿದೆ."

"ನಿಮಗೇನು ಸಿಗುತ್ತೆ ಇದರಿಂದ?"

ಅವಳು ಎದ್ದು ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. "ನಿನ್ನಿಂದ ನನಗೇನೂ ಸಿಗೋದು ಬೇಡಪ್ಪ" ಎಂದಳು. "ಹೋಗಿ ಬಾ ಅಂತಲೂ ಹೇಳೋದಿಲ್ಲ."